ಮುಟ್ಟು ನಿಲ್ಲುವ ಕಾಲ, ನಿಲ್ಲದ ಕೆಲಸ

ಭಾರತದ ಹೆಣ್ಣುಮಕ್ಕಳಿಗೆ ಸರಾಸರಿ 46-47ನೇ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಯುರೋಪು, ಅಮೆರಿಕಗಳಲ್ಲಿ ಇದು 51ರ ಆಸುಪಾಸು. ನಾಲ್ಕೈದು ವರ್ಷದ ಈ ಅಂತರ ನೋಡಲು ಸಣ್ಣದು, ಉದ್ಯೋಗದ ಲೆಕ್ಕದಲ್ಲಿ ದೊಡ್ಡದು. 46 ಅಂದರೆ ಬ್ಯಾಂಕಿನವಳಿಗೆ ಶಾಖೆಯ ಹೊಣೆ ಕೈಗೆ ಬರುವ ವಯಸ್ಸು. ಶಾಲೆಯ ಟೀಚರಿಗೆ ಮುಖ್ಯ ಶಿಕ್ಷಕಿಯ ಕುರ್ಚಿ ಹತ್ತಿರವಾಗುವ ವಯಸ್ಸು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಕೂರಿಸುವ ಕಷ್ಟದ ಕೆಲಸ ಯಾರಿಗೆ ಕೊಡೋಣ ಎಂದಾಗ ಇಡೀ ಲೈನು ಕೈತೋರಿಸುವ ಟೈಲರ್ ಅಕ್ಕನ ವಯಸ್ಸೂ ಅದೇ. ರಾಜ್ಯ ಸರ್ಕಾರಿ ನೌಕರಿಯಲ್ಲಿ ನಿವೃತ್ತಿ 60ಕ್ಕೆ. ಹಾಗಾಗಿ ದುಡಿಮೆಯ ಕೊನೆಗೆ ಬರುವ ತಾಪತ್ರಯ ಇದು ಎಂದು ತಿಳಿಯುವುದು ತಪ್ಪು. ಕೆಲಸ ಚೆನ್ನಾಗಿ ಕೈಗೆ ಹತ್ತಿ, ಇನ್ನೂ ಹದಿಮೂರು ಹದಿನಾಲ್ಕು ವರ್ಷ ದುಡಿಯಬೇಕಾದ ನಟ್ಟನಡುವಿನಲ್ಲಿ ಇದು ಬರುತ್ತದೆ.

ಆ ವರ್ಷಗಳಲ್ಲಿ ಅವಳಿಗೆ ಕೆಲಸದ ಜಾಗದಿಂದ ಬೇಕಾಗುವುದು ಏನು? ನನ್ನ ಉತ್ತರ ಚಿಕ್ಕದು. ನೀರು, ಗಾಳಿ, ಶೌಚಾಲಯ, ಕೂರಲು ಜಾಗ, ಕೇಳಿದಾಗ ಐದು ನಿಮಿಷದ ಬಿಡುವು. ಇಷ್ಟು ಅವಳ ಕೈಗೆ ಸಿಕ್ಕರೆ ಮುಕ್ಕಾಲು ಪಾಲು ಕಷ್ಟ ಸಹಿಸುವ ಮಟ್ಟಕ್ಕೆ ಇಳಿಯುತ್ತದೆ. ಉಳಿದದ್ದಕ್ಕೆ ವೈದ್ಯರಿದ್ದಾರೆ. ಅಕ್ಟೋಬರ್ 18ರ ವಿಶ್ವ ಋತುಬಂಧ ದಿನದಂದು ಒಂದು ಉಪನ್ಯಾಸ ಇಟ್ಟು, ಗುಲಾಬಿ ಹೂ ಕೊಟ್ಟು, ಮರುದಿನ ಶೌಚಾಲಯಕ್ಕೆ ಹೋಗಲು ಟೋಕನ್ ಕೇಳಿದರೆ ಯಾರಿಗೂ ಉಪಯೋಗವಿಲ್ಲ.

ಮೈಯಲ್ಲಿ ಆಗುವುದೇನು

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ವೈದ್ಯರು ಹೇಳುತ್ತಾರೆ. ಕೆಲಸಕ್ಕೆ ಅಡ್ಡಿಯಾಗುವ ತೊಂದರೆಗಳು ಶುರುವಾಗುವುದು ಅದಕ್ಕೂ ಕೆಲವು ವರ್ಷ ಮುಂಚೆ, 42-43ರಿಂದಲೇ. ಅಂಡಾಶಯ ಒಂದೇ ದಿನ ಕೆಲಸ ನಿಲ್ಲಿಸುವುದಿಲ್ಲ. ಒಂದು ತಿಂಗಳು ಈಸ್ಟ್ರೋಜನ್ ಏರುತ್ತದೆ, ಇನ್ನೊಂದು ತಿಂಗಳು ಪಾತಾಳಕ್ಕಿಳಿಯುತ್ತದೆ. ಈ ಏರಿಳಿತವೇ ಹೆಚ್ಚಿನ ಕಾಟಕ್ಕೆ ಕಾರಣ.

ಮೊದಲು ಎಲ್ಲರಿಗೂ ಗೊತ್ತಿರುವ ಲಕ್ಷಣ: ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ, ಮುಖಕ್ಕೆ ಬಿಸಿ ಏರಿ ಬೆವರು ಕಿತ್ತುಬರುವುದು. ಮೈಯ ಉಷ್ಣತೆಯನ್ನು ನೋಡಿಕೊಳ್ಳುವುದು ಮಿದುಳಿನ ಹೈಪೋಥಲಾಮಸ್. ಉಷ್ಣತೆ ತುಸು ಏರಿದರೆ ಇಳಿದರೆ ಅದು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜನ್ ಕಡಿಮೆಯಾದಾಗ ಅಲ್ಲಿನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗುತ್ತವೆ, ಆ ಸಹನೆಯ ಅಂಚು ಕಿರಿದಾಗುತ್ತದೆ. ಒಂದು ಲೋಟ ಬಿಸಿ ಕಾಫಿ, ಮೆಟ್ಟಿಲು ಹತ್ತಿದ್ದು, ಮೀಟಿಂಗಿನ ಗಾಬರಿ, ಪಕ್ಕದ ಇಸ್ತ್ರಿಯ ಹಬೆ, ಯಾವುದಾದರೂ ಸಾಕು. ಮೈ ಬೆಂದುಹೋಯಿತೆಂದು ಮಿದುಳು ತಪ್ಪಾಗಿ ಲೆಕ್ಕಹಾಕಿ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಒಂದರಿಂದ ಐದು ನಿಮಿಷ ಇದ್ದು ಹೋಗುತ್ತದೆ, ಆಮೇಲೆ ಚಳಿ. ದಿನಕ್ಕೆ ಎರಡು ಸಲ ಬರುವವರಿದ್ದಾರೆ, ಹದಿನೈದು ಸಲ ಬರುವವರೂ ಇದ್ದಾರೆ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನ 2015ರಲ್ಲಿ ಹೇಳಿದ ಪ್ರಕಾರ, ಪದೇ ಪದೇ ಬಿಸಿಯೇರುವವರಲ್ಲಿ ಅರ್ಧಕ್ಕರ್ಧ ಮಂದಿಗೆ ಇದು ಏಳು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ‘ಇನ್ನೆರಡು ತಿಂಗಳು, ಸಹಿಸಿಕೋ’ ಎನ್ನುವ ಸಮಾಧಾನಕ್ಕೆ ಅರ್ಥವಿಲ್ಲ.

ರಾತ್ರಿಯೂ ಇದೇ ಬಂದರೆ ನಿದ್ದೆ ಮುರಿಯುತ್ತದೆ. ಮೂರು ಸಲ ಎದ್ದು, ರವಿಕೆ ಬದಲಾಯಿಸಿ ಮಲಗಿದವಳು ಬೆಳಿಗ್ಗೆ ಹೆಸರು ಮರೆಯುತ್ತಾಳೆ, ಲೆಕ್ಕದಲ್ಲಿ ಎಡವುತ್ತಾಳೆ, ಸಣ್ಣ ಮಾತಿಗೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ. ಬಹಳ ಜನ ಆಗ ಒಳಗೊಳಗೇ ಹೆದರುವುದು ‘ನನಗೆ ಮರೆವಿನ ಕಾಯಿಲೆ ಬಂತೇ’ ಎಂದು. ಅದಲ್ಲ. ಈ ಮಂಕು ಹೆಚ್ಚಿನವರಿಗೆ ಕಾಲಕ್ರಮೇಣ ತಿಳಿಯಾಗುತ್ತದೆ. ಈ ಒಂದು ವಾಕ್ಯವನ್ನು ಅವಳಿಗೆ ಯಾರಾದರೂ ಹೇಳಿದರೆ ಎಷ್ಟೋ ರಾಜೀನಾಮೆ ಪತ್ರಗಳು ಬರೆಯದೆ ಉಳಿದಾವು.

ಕೆಲಸದ ಜಾಗದಲ್ಲಿ ಇವೆಲ್ಲಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಅದರ ಬಗ್ಗೆ ಮಾತೇ ಕಡಿಮೆ. ಅದು ರಕ್ತಸ್ರಾವ. ಮುಟ್ಟು ನಿಲ್ಲುವ ಮೊದಲು ಅದು ಮೆಲ್ಲಗೆ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ಗಂಡಸರ ಊಹೆ, ಕೆಲವು ಹೆಂಗಸರದೂ ಕೂಡ. ಎಷ್ಟೋ ಜನರಿಗೆ ಆಗುವುದು ತಿರುಗುಮುರುಗು. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ತಯಾರಾಗುವುದಿಲ್ಲ. ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಿ ಒಮ್ಮೆಲೇ ಕಳಚಿಬೀಳುತ್ತದೆ. ಎರಡು ತಿಂಗಳು ಸುದ್ದಿಯೇ ಇಲ್ಲ, ಆಮೇಲೆ ಗಂಟೆಗೊಂದು ಪ್ಯಾಡು ನೆನೆಯುವಷ್ಟು, ಗೆಡ್ಡೆಗೆಡ್ಡೆಯಾಗಿ. ಬರುವ ದಿನವೂ ಗೊತ್ತಿರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ, ಮೇಲೆ ಈ ಸ್ರಾವ. ನಿಂತಲ್ಲೇ ಕಣ್ಣು ಕತ್ತಲಾಗುವುದಕ್ಕೆ ‘ವಯಸ್ಸಾಯಿತು’ ಎಂಬುದು ಕಾರಣವಲ್ಲ.

ಇವುಗಳ ಜೊತೆ ಬೆರಳ ಗೆಣ್ಣುಗಳ ಬಿಗಿತ, ಭುಜ ಹಿಡಿದುಕೊಳ್ಳುವುದು, ಮೂತ್ರ ತಡೆಯಲಾಗದಿರುವುದು, ಪದೇ ಪದೇ ಉರಿಮೂತ್ರ. ಯಾವ ತೊಂದರೆಯೂ ಇಲ್ಲದೆ ಈ ಕಾಲ ದಾಟಿಬಿಡುವವರೂ ಬೇಕಾದಷ್ಟು ಜನ. ಹಾಗಾಗಿ 45 ದಾಟಿದವರನ್ನೆಲ್ಲ ರೋಗಿಗಳ ಹಾಗೆ ನೋಡುವುದು ಇನ್ನೊಂದು ಅನ್ಯಾಯ.

ವಯಸ್ಸಿನ ಗೆರೆ ಹಾಕುವುದೂ ಅಪಾಯ. ಕ್ಯಾನ್ಸರ್ ಚಿಕಿತ್ಸೆಯಿಂದ 32ಕ್ಕೇ ಮುಟ್ಟು ನಿಂತವರಿದ್ದಾರೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿದ್ದಾರೆ. ಅವರಿಗೆ ವರ್ಷಗಟ್ಟಲೆಯ ಇಳಿಜಾರು ಇರುವುದಿಲ್ಲ. ಆಪರೇಷನ್ ಆದ ಕೆಲವೇ ದಿನದಲ್ಲಿ ಎಲ್ಲ ಲಕ್ಷಣವೂ ಒಟ್ಟಿಗೆ, ಜೋರಾಗಿ ಬರುತ್ತವೆ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಹಾರ್ಮೋನು ಇರುತ್ತದೆ, ಆದರೆ ಅದು ಒಂದೆರಡು ವರ್ಷ ಬೇಗ ಕಡಿಮೆಯಾಗುವ ಸಂಭವ ಹೆಚ್ಚು. ನಮ್ಮಲ್ಲಿ 35-40ಕ್ಕೇ ‘ಗರ್ಭಕೋಶ ತೆಗೆಸಿಬಿಟ್ಟೆ’ ಎನ್ನುವ ಹೆಂಗಸರು ಹಳ್ಳಿಹಳ್ಳಿಯಲ್ಲೂ ಸಿಗುತ್ತಾರೆ. ಸಂಸ್ಥೆಯ ನಿಯಮದಲ್ಲಿ ‘45 ದಾಟಿದವರಿಗೆ’ ಎಂದು ಬರೆದರೆ ಅತಿ ಹೆಚ್ಚು ಕಷ್ಟ ಪಡುವ ಇವರೇ ಹೊರಗುಳಿಯುತ್ತಾರೆ.

ಲೈನಿನಲ್ಲಿ ಐದು ನಿಮಿಷ

ಐಟಿ ಕಂಪನಿಯ ಕತೆ ಸುಲಭದ್ದು, ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿ ಅವಳು ಎದ್ದು ಹೋಗಬಹುದು. ಎಸಿ ಗಾಳಿಯ ಕೆಳಗಿನ ಮೇಜಿಗೆ ಬದಲಾಗಬಹುದು, ರಾತ್ರಿ ನಿದ್ದೆಗೆಟ್ಟ ದಿನ ಹನ್ನೊಂದಕ್ಕೆ ಕೆಲಸ ಶುರು ಮಾಡಬಹುದು, ಮನೆಯಿಂದ ಮಾಡಬಹುದು. ಎರಡು ಗಂಟೆಯ ಮೀಟಿಂಗಿನ ನಡುವೆ ಎಲ್ಲರಿಗೂ ಹತ್ತು ನಿಮಿಷ ಬಿಡುವು ಕೊಟ್ಟರೆ ಅವಳೊಬ್ಬಳೇ ಎದ್ದು ಹೋಗುವ ಮುಜುಗರವೂ ತಪ್ಪುತ್ತದೆ. ಮ್ಯಾನೇಜರಿಗೆ ಮನಸ್ಸಿದ್ದರೆ ಇದಕ್ಕೆ ಒಂದು ಮೇಲ್ ಸಾಕು.

ಕಷ್ಟವಿರುವುದು ಎದ್ದು ಹೋಗಲಾಗದ ಕೆಲಸಗಳಲ್ಲಿ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಅಲ್ಲಿಂದಾಚೆ ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸುಗಳಲ್ಲಿ ದುಡಿಯುವ ಲಕ್ಷಾಂತರ ಜನರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಇಪ್ಪತ್ತರ ಹರೆಯದಲ್ಲಿ ಹೆಲ್ಪರ್ ಆಗಿ ಸೇರಿದವರು ಈಗ ನಲವತ್ತೈದು ದಾಟುತ್ತಿದ್ದಾರೆ. ಲೈನಿನ ಸ್ವಭಾವ ನೋಡಿ. ಒಂದು ಶರ್ಟು ಹತ್ತಾರು ಕೈ ದಾಟಿ ಬರುತ್ತದೆ. ಒಬ್ಬರು ಪಾಕೆಟ್, ಒಬ್ಬರು ಕಫ್, ಒಬ್ಬರು ಕಾಲರ್. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ನಡುವಿನ ಒಂದು ಮಷೀನು ಏಳು ನಿಮಿಷ ನಿಂತರೆ ಮುಂದಿನವರ ಕೈ ಖಾಲಿ, ಹಿಂದಿನವರ ಬಂಡಲ್ ರಾಶಿ. ಸೂಪರ್‌ವೈಸರ್ ಕೂಗುತ್ತಾನೆ, ಅವನ ಮೇಲೆ ಫ್ಲೋರ್ ಇನ್‌ಚಾರ್ಜ್ ಕೂಗುತ್ತಾನೆ. ಹಾಗಾಗಿ ಅಕ್ಕ ಏಳುವುದಿಲ್ಲ. ಶೌಚಾಲಯಕ್ಕೆ ಹೋಗಬೇಕಾದೀತೆಂದು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನೀರು ಕುಡಿಯದ್ದರಿಂದ ಉರಿಮೂತ್ರ, ತಲೆನೋವು. ಬೆವರಿಗೆ ಬದಲು ನೀರಿಲ್ಲದ್ದರಿಂದ ಇನ್ನಷ್ಟು ಸುಸ್ತು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಷ್ಟ ಬೆಳೆಯುವುದು ಹೀಗೆ.

ಇದಕ್ಕೆ ಪರಿಹಾರ ಲೈನಿನೊಳಗೇ ಇದೆ. ಯಾರಾದರೂ ರಜೆ ಹಾಕಿದಾಗ ಆ ಮಷೀನಿಗೆ ಕೂರಲು, ಹಲವು ಕೆಲಸ ಬಲ್ಲ ಫ್ಲೋಟರ್‌ಗಳನ್ನು ಕಾರ್ಖಾನೆಗಳು ಇಟ್ಟುಕೊಂಡಿರುತ್ತವೆ. ಆ ಫ್ಲೋಟರನ್ನು ಐದು ಹತ್ತು ನಿಮಿಷದ ಬಿಡುವಿಗೂ ಕಳಿಸಬಹುದು ಎಂದು ಬರೆದಿಡಬೇಕು, ಅಷ್ಟೇ. ಆಗ ಲೈನು ನಿಲ್ಲುವುದಿಲ್ಲ, ಅಕ್ಕ ಏಳುವುದಕ್ಕೆ ಅಂಜುವುದಿಲ್ಲ. ಶೌಚಾಲಯದ ಟೋಕನ್ ಪದ್ಧತಿ ಎಲ್ಲಿದೆಯೋ ಅಲ್ಲಿ ಅದನ್ನು ಮೊದಲು ಕಿತ್ತುಹಾಕಬೇಕು. ಈ ಲೇಖನದಲ್ಲಿ ನಾನು ಒಂದೇ ಒಂದು ಬದಲಾವಣೆ ಕೇಳಬಹುದು ಎಂದಾದರೆ ಇದನ್ನೇ ಕೇಳುತ್ತೇನೆ.

ಆಮೇಲಿನದು ಜಾಗದ ವಿಚಾರ. ಇಸ್ತ್ರಿ ವಿಭಾಗದ ಹಬೆಯ ಪಕ್ಕ ದಿನವಿಡೀ ನಿಲ್ಲುವವಳಿಗೆ ಬಿಸಿಯೇರುವ ತೊಂದರೆ ಇದ್ದರೆ ಅವಳನ್ನು ಚೆಕಿಂಗಿಗೋ ಪ್ಯಾಕಿಂಗಿಗೋ ಬದಲಿಸಿ, ಸಂಬಳ ಮತ್ತು ಗ್ರೇಡು ಕೆಳಗಿಳಿಸದೆ. ಫ್ಯಾನು ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ಒಮ್ಮೆ ನಡೆದು ನೋಡಿ. ಕುಡಿಯುವ ನೀರು ಹಾಲಿನ ಆ ತುದಿಯಲ್ಲಿದ್ದರೆ ಮಷೀನಿನ ಪಕ್ಕ ಬಾಟಲಿ ಇಟ್ಟುಕೊಳ್ಳಲು ಬಿಡಿ. ಬಟ್ಟೆಗೆ ನೀರು ತಾಗುತ್ತದೆಂಬ ಹೆದರಿಕೆ ಇದ್ದರೆ ಕಾಲಬುಡದಲ್ಲಿ ಒಂದು ಸ್ಟ್ಯಾಂಡು ಸಾಕು. ಶೌಚಾಲಯದಲ್ಲಿ ನೀರು, ಸೋಪು, ಮುಚ್ಚಳವಿರುವ ಕಸದ ಡಬ್ಬಿ, ಒಳಗಿನಿಂದ ಸರಿಯಾಗಿ ಬೀಳುವ ಚಿಲಕ. ಫಸ್ಟ್ ಏಡ್ ಕೋಣೆಯ ನರ್ಸ್ ಹತ್ತಿರ ದೊಡ್ಡ ಪ್ಯಾಡು, ಒಂದೆರಡು ಬದಲಿ ನೈಟಿ ಅಥವಾ ಚೂಡಿದಾರ್ ಪ್ಯಾಂಟು. ಬಟ್ಟೆ ಕಲೆಯಾದವಳು ಎಲ್ಲರೆದುರು ನಡೆದು ಗೇಟು ದಾಟಿ ಮನೆಗೆ ಹೋಗಬೇಕಾದ ಅವಮಾನ ಒಂದು ಸಲ ಆದರೆ ಅವಳು ಮರುದಿನ ಬರುವುದೇ ಅನುಮಾನ.

ಇವು ಯಾವುವೂ ದಾನವಲ್ಲ. ಗಾಳಿ, ಹಿತವಾದ ಉಷ್ಣತೆ, ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ, ನಿಂತು ಕೆಲಸ ಮಾಡುವವರಿಗೆ ಬಿಡುವಿದ್ದಾಗ ಕೂರಲು ವ್ಯವಸ್ಥೆ, ಎಲ್ಲವೂ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದವು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲೂ ಇವೆ. ಮುಟ್ಟು ನಿಲ್ಲುವ ಕಾಲದವರಿಗೆಂದೇ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಇರುವ ಕಾನೂನನ್ನು ಪ್ರಾಮಾಣಿಕವಾಗಿ ಪಾಲಿಸಿದರೆ ಅರ್ಧ ದಾರಿ ಸಾಗಿದಂತೆ.

ಕೂರುವ ಹಕ್ಕಿನ ವಿಚಾರಕ್ಕೆ ಬಂದರೆ ನೆರೆಯವರಿಂದ ಕಲಿಯುವುದಿದೆ. ಸೀರೆ ಅಂಗಡಿ, ಚಿನ್ನದ ಅಂಗಡಿಗಳಲ್ಲಿ ಹತ್ತು ಗಂಟೆ ನಿಂತೇ ಇರಬೇಕಾದ ಸೇಲ್ಸ್ ಹುಡುಗಿಯರು ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ಕಾಯ್ದೆ ತಿದ್ದಿ ಕೂರಲು ಆಸನ ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಅದನ್ನೇ ಮಾಡಿತು. ನಮ್ಮ ದೊಡ್ಡ ಅಂಗಡಿಗಳಲ್ಲಿ ಯೂನಿಫಾರಂ ಹೆಸರಿನಲ್ಲಿ ಉಡಿಸುವ ಸಿಂಥೆಟಿಕ್ ಸೀರೆಯನ್ನು ಇದರ ಜೊತೆಗೆ ಸೇರಿಸಿ ಯೋಚಿಸಬೇಕು. ಗಾಳಿಯಾಡದ ಆ ಸೀರೆ, ಅದರ ಮೇಲೆ ಪಿನ್ನು ಹೊಡೆದ ಸೆರಗು, ಮೇಲಿನಿಂದ ಉರಿಯುವ ದೀಪಗಳು. ಬಿಸಿಯೇರುವ ಮೈಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಅದೇ ಬಣ್ಣದ ಹತ್ತಿ ಸೀರೆ ಅಥವಾ ಚೂಡಿದಾರಕ್ಕೆ ಅವಕಾಶ ಕೊಡಲು ಮಾಲೀಕರಿಗೆ ಏನು ಅಡ್ಡಿ? ಕೆಲವು ಖಾಸಗಿ ಶಾಲೆಗಳಲ್ಲಿ ಟೀಚರುಗಳಿಗೂ ಇದೇ ಯೂನಿಫಾರಂ ಸೀರೆಯ ಕಾಟ. ಅವರಿಗೆ ಇನ್ನೊಂದು ಸಂಕಟ, ಸಾಲಾಗಿ ನಾಲ್ಕು ಪೀರಿಯಡ್ ಪಾಠ. ಟೈಮ್ ಟೇಬಲ್ ಬರೆಯುವವರು ಎರಡು ಪೀರಿಯಡ್‌ಗೊಮ್ಮೆ ಬಿಡುವು ಇಟ್ಟರೆ ಶಾಲೆಗೆ ಒಂದು ರೂಪಾಯಿ ಖರ್ಚಿಲ್ಲ.

ಬಸ್ ಕಂಡಕ್ಟರ್, ಪೌರಕಾರ್ಮಿಕ ಮಹಿಳೆ, ಟ್ರಾಫಿಕ್ ಪೊಲೀಸ್ ಇವರ ಕಷ್ಟ ಬೇರೆ. ಇವರ ಕೆಲಸದ ಜಾಗವೇ ರಸ್ತೆ. ಬೆಂಗಳೂರಿನಲ್ಲಿ ಪೌರಕಾರ್ಮಿಕರಿಗೆಂದು ‘ಸುವಿಧಾ ಕ್ಯಾಬಿನ್’ಗಳನ್ನು ಇಡಲು ಶುರುಮಾಡಿದ್ದು ಒಳ್ಳೆಯ ಹೆಜ್ಜೆ. ಬೀಗ ಹಾಕದೆ, ನೀರು ಬರುವಂತೆ ನೋಡಿಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುವುದು.

ಹೇಗೆ ಹೇಳಬೇಕು, ಹೇಗೆ ಕೇಳಬೇಕು

ಹೆಚ್ಚಿನವರು ಹೇಳಿಕೊಳ್ಳುವುದೇ ಇಲ್ಲ. ‘ವಯಸ್ಸಾಯಿತು, ಇನ್ನು ಇವಳಿಂದ ಆಗದು’ ಎಂದು ಪಕ್ಕಕ್ಕೆ ತಳ್ಳಿಬಿಟ್ಟಾರು ಎಂಬ ಭಯ. ಆ ಭಯ ಸುಳ್ಳಲ್ಲ. ಆದ್ದರಿಂದ ಮೊದಲ ಮಾತು ಮೇಲಿನವರ ಕಡೆಯಿಂದ ಬರಬೇಕು, ಅದೂ ಒಬ್ಬಳನ್ನು ಕರೆದು ಅಲ್ಲ. ನೋಟಿಸ್ ಬೋರ್ಡಿನಲ್ಲಿ, ಬೆಳಗಿನ ಲೈನ್ ಮೀಟಿಂಗಿನಲ್ಲಿ, ಎಲ್ಲರಿಗೂ ಕೇಳುವಂತೆ: ‘ಆರೋಗ್ಯದ ಕಾರಣಕ್ಕೆ ಯಾರಿಗೆ ಯಾವ ಬದಲಾವಣೆ ಬೇಕಿದ್ದರೂ ನರ್ಸ್ ಮೇಡಂ ಹತ್ತಿರ ಹೇಳಬಹುದು. ಮುಟ್ಟಿನ ತೊಂದರೆ, ಮುಟ್ಟು ನಿಲ್ಲುವ ತೊಂದರೆ ಕೂಡ ಇದರಲ್ಲಿ ಸೇರಿದೆ. ಹೇಳಿದ್ದು ಹೊರಗೆ ಹೋಗುವುದಿಲ್ಲ.’ ಇಷ್ಟು ಹೇಳಿ, ಆಮೇಲೆ ನಿಜವಾಗಿಯೂ ಹೊರಗೆ ಹೋಗದಂತೆ ನೋಡಿಕೊಳ್ಳಬೇಕು. ಒಂದು ಸಲ ಗುಟ್ಟು ರಟ್ಟಾದರೆ ಇನ್ನೈದು ವರ್ಷ ಯಾರೂ ಬಾಯಿ ಬಿಡುವುದಿಲ್ಲ.

ಒಬ್ಬಳ ಮುಖ ಕೆಂಪಾಯಿತೆಂದು, ಬೆವರಿದಳೆಂದು ‘ನಿಮಗೆ ಮುಟ್ಟು ನಿಂತಿದೆಯೇ’ ಎಂದು ಕೇಳುವ ಹಕ್ಕು ಯಾವ ಮೇಲಧಿಕಾರಿಗೂ ಇಲ್ಲ. ‘ಹೇಗಿದ್ದೀರಿ, ಕೆಲಸದಲ್ಲಿ ಏನಾದರೂ ಬದಲಾವಣೆ ಮಾಡಿದರೆ ಅನುಕೂಲವಾಗುತ್ತದೆಯೇ’ ಎಂದು ಕೇಳಬಹುದು. ಉತ್ತರ ಎಷ್ಟು ಹೇಳಬೇಕೆಂಬುದು ಅವಳಿಗೆ ಬಿಟ್ಟಿದ್ದು.

ಹೇಳುವವಳಿಗೂ ಒಂದು ದಾರಿ ಇದೆ. ಎರಡು ಮೂರು ವಾರ ಸಣ್ಣ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು. ಆಮೇಲೆ ಮಾತಿಗೆ ಹೋದಾಗ ಕಾಯಿಲೆಯ ಕತೆಗಿಂತ ಬೇಕಾದ್ದನ್ನು ಮುಂದಿಡಿ. ಗಾರ್ಮೆಂಟ್ಸಿನ ಮಾತಿನಲ್ಲಿ ಹೇಳುವುದಾದರೆ ಹೀಗೆ:

“ಸರ್, ನಂಗೆ ಮುಟ್ಟು ನಿಲ್ಲೋ ಟೈಮು. ಒಂದೊಂದು ದಿನ ಬ್ಲೀಡಿಂಗ್ ಜಾಸ್ತಿ ಇರ್ತದೆ, ಗಂಟೆಗೊಂದ್ ಸಲ ಹೋಗ್ಲೇಬೇಕಾಗ್ತದೆ. ಅಂಥ ದಿನ ಬೆಳಿಗ್ಗೆನೇ ಹೇಳ್ತೀನಿ, ಫ್ಲೋಟರ್ ಕೊಡಿ. ಮಿಕ್ಕಿದ್ ದಿನ ನನ್ ಪ್ರೊಡಕ್ಷನ್ ನೀವೇ ನೋಡಿದ್ದೀರಲ್ಲ.”

“ಆಯ್ತಕ್ಕ. ನನ್ ಹತ್ರ ಹೇಳೋಕೆ ಮುಜುಗರ ಆದ್ರೆ ನರ್ಸ್ ಮೇಡಂಗೆ ಹೇಳಿ, ಅವ್ರು ನಂಗೆ ‘ಇವತ್ತು ಫ್ಲೋಟರ್ ಬೇಕು’ ಅಂತಷ್ಟೇ ಹೇಳ್ತಾರೆ. ಎರಡು ವಾರ ಹೀಗೆ ಮಾಡಿ ನೋಡೋಣ. ಸಾಲ್ದೆ ಇದ್ರೆ ಮತ್ತೆ ಮಾತಾಡೋಣ.”

ಈ ಉತ್ತರದಲ್ಲಿ ಮೂರು ಒಳ್ಳೆಯ ಅಂಶಗಳಿವೆ. ಅವನು ಪ್ರಮಾಣಪತ್ರ ಕೇಳಲಿಲ್ಲ, ತನಗೆ ಹೇಳದೆಯೂ ಕೆಲಸ ಆಗುವ ದಾರಿ ತೆರೆದ, ಮತ್ತೆ ಕೇಳುವ ದಿನ ಗೊತ್ತುಮಾಡಿದ. ಲಕ್ಷಣಗಳು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಮೂರನೆಯದು ಬಹಳ ಮುಖ್ಯ.

ತಮಾಷೆಯ ಬಗ್ಗೆಯೂ ಹೇಳಲೇಬೇಕು. ‘ಮೇಡಂಗೆ ಮುಟ್ಟು ನಿಂತಿರಬೇಕು, ಅದಕ್ಕೇ ಸಿಡಿಸಿಡಿ’ ಎಂಬ ಮಾತು ಆಫೀಸುಗಳಲ್ಲಿ ಈಗಲೂ ಓಡಾಡುತ್ತದೆ. ಹೆಣ್ಣಿನ ದೇಹದ ಬಗ್ಗೆ ಲೈಂಗಿಕ ಬಣ್ಣದ ಮಾತುಗಳನ್ನಾಡುವುದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಲ್ಲಿಗೆ ಹೋಗುವ ಮುಂಚೆಯೇ, ಅಂಥ ಮಾತು ಕೇಳಿದ ಕೂಡಲೇ ಪಕ್ಕದ ಗಂಡಸೊಬ್ಬ ‘ಸಾಕು ನಿಲ್ಸಪ್ಪ’ ಎಂದರೆ ಅದರ ಪರಿಣಾಮವೇ ಬೇರೆ.

ರಜೆ ಸಿಕ್ಕಿತು, ಎಷ್ಟು ಸಾಕು

ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೊಂದರಂತೆ ವರ್ಷಕ್ಕೆ 12 ಸಂಬಳ ಸಹಿತ ರಜೆ, ಖಾಸಗಿ ಕ್ಷೇತ್ರಕ್ಕೂ ಅನ್ವಯ. ನವೆಂಬರ್‌ನ ಆದೇಶದ ಪ್ರಕಾರ 18ರಿಂದ 52 ವಯಸ್ಸಿನ ಮಹಿಳೆಯರು, ಗುತ್ತಿಗೆ ಮತ್ತು ಹೊರಗುತ್ತಿಗೆಯವರೂ ಸೇರಿ, ಇದಕ್ಕೆ ಅರ್ಹರು. ವೈದ್ಯಕೀಯ ಪ್ರಮಾಣಪತ್ರ ಬೇಡ. ಒಂದು ತಿಂಗಳ ರಜೆ ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಇದು ದೊಡ್ಡ ಹೆಜ್ಜೆ, ಸಂಶಯವಿಲ್ಲ. ಆದರೆ ನಮ್ಮ ವಿಷಯಕ್ಕೆ ಅದನ್ನು ಹಚ್ಚಿ ನೋಡಿದರೆ ಸಂದು ಕಾಣುತ್ತದೆ. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಈ ರಜೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. 45 ದಾಟಿದವರು ‘ಇದು ಹುಡುಗಿಯರಿಗೆ’ ಎಂದು ಸಂಕೋಚಪಟ್ಟು ಬಿಡಬಾರದು. ಆದರೆ ಎರಡು ತಿಂಗಳು ಮುಟ್ಟಾಗದೆ ಮೂರನೇ ತಿಂಗಳು ಹತ್ತು ದಿನ ರಕ್ತ ಹೋಗುವವಳಿಗೆ ತಿಂಗಳಿಗೊಂದು ದಿನ ಎಂಬ ಲೆಕ್ಕ ಹೊಂದುವುದಿಲ್ಲ. ಮುಟ್ಟು ಪೂರ್ತಿ ನಿಂತು, ರಾತ್ರಿಯಿಡೀ ಬೆವರುವವಳಿಗೆ ಅದರಲ್ಲಿ ಏನೂ ಇಲ್ಲ. ಸಂಸ್ಥೆಗಳು ತಮ್ಮ ನಿಯಮದಲ್ಲಿ ‘ಮುಟ್ಟು ನಿಲ್ಲುವ ಕಾಲದ ತೊಂದರೆಗೂ ಈ 12 ದಿನ ಬಳಸಬಹುದು, ಬೇಕಾದಾಗ ಒಟ್ಟಿಗೆ ತೆಗೆದುಕೊಳ್ಳಬಹುದು’ ಎಂಬ ಒಂದು ಸಾಲು ಸೇರಿಸಿಕೊಳ್ಳಬಹುದು. ಆದೇಶಕ್ಕಿಂತ ಹೆಚ್ಚು ಕೊಡಲು ಯಾರ ಅಡ್ಡಿಯೂ ಇಲ್ಲ.

ಬ್ರಿಟನ್ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. ಅಲ್ಲೂ ಪ್ರತ್ಯೇಕ ರಜೆ ಬೇಕೇ ಎಂಬ ಚರ್ಚೆ ನಡೆದು, 2023ರಲ್ಲಿ ಸರ್ಕಾರ ಅದರ ಪ್ರಯೋಗಕ್ಕೆ ಒಪ್ಪಲಿಲ್ಲ. ಅಲ್ಲಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ 2024ರ ಫೆಬ್ರುವರಿಯಲ್ಲಿ ಮಾಲೀಕರಿಗೆ ಒಂದು ಮಾತು ಸ್ಪಷ್ಟಪಡಿಸಿತು. ಋತುಬಂಧದ ಲಕ್ಷಣಗಳು ದೀರ್ಘಕಾಲ ಇದ್ದು ದೈನಂದಿನ ಬದುಕಿಗೆ ಗಣನೀಯ ಅಡ್ಡಿ ಮಾಡಿದರೆ ಅದನ್ನು ಕಾನೂನಿನ ಕಣ್ಣಲ್ಲಿ ಅಂಗವೈಕಲ್ಯವೆಂದು ಪರಿಗಣಿಸಬಹುದು, ಆಗ ಕೆಲಸದ ಜಾಗದಲ್ಲಿ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಮಾಲೀಕರ ಹೊಣೆ. ಹೊಂದಾಣಿಕೆ ಎಂದರೆ ಅಲ್ಲೂ ಇವೇ: ಗಾಳಿ, ಬಟ್ಟೆ, ಸಮಯ, ಬಿಡುವು. ರಜೆಯ ಬಗ್ಗೆ ನನ್ನ ಅಭಿಪ್ರಾಯವೂ ಇಷ್ಟೇ. ಇರಲಿ, ಬೇಕು, ಆದರೆ ಏಳು ವರ್ಷದ ತೊಂದರೆಗೆ ರಜೆ ಮದ್ದಾಗದು. ಕೆಲಸದ ದಿನವನ್ನೇ ಸರಿಪಡಿಸಬೇಕು.

ಡಾಕ್ಟರ ಹತ್ತಿರ, ವಿಮೆಯ ಹತ್ತಿರ

ಸುಸ್ತು, ಕೂದಲು ಉದುರುವುದು, ಎದೆ ಬಡಿತ, ಮಂಕು ಇವೆಲ್ಲ ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆಯಲ್ಲೂ ಬರುತ್ತವೆ. ಆದ್ದರಿಂದ ‘ಮುಟ್ಟು ನಿಲ್ಲುವುದರಿಂದ’ ಎಂದು ತಾನೇ ತೀರ್ಮಾನಿಸಿ ಕೂರುವ ಬದಲು ಒಂದು ರಕ್ತಪರೀಕ್ಷೆ ಮಾಡಿಸುವುದು ಲೇಸು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಹನಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇದು ಕ್ಯಾನ್ಸರಿನ ಸೂಚನೆಯಾಗಿರಲೂಬಹುದು.

ಬಿಸಿಯೇರುವುದಕ್ಕೆ ಅತ್ಯಂತ ಪರಿಣಾಮಕಾರಿ ಔಷಧ ಹಾರ್ಮೋನ್ ಚಿಕಿತ್ಸೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಅಪಾಯದ ಸುದ್ದಿ ಕೊಟ್ಟ ಮೇಲೆ ಜಗತ್ತೇ ಅದರಿಂದ ಹಿಂದೆ ಸರಿಯಿತು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಆಮೇಲಿನ ವಿಶ್ಲೇಷಣೆಗಳಿಂದ ತಿಳಿದದ್ದು, 60ರ ಒಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದ, ಬೇರೆ ಅಪಾಯವಿಲ್ಲದ ಹೆಚ್ಚಿನವರಿಗೆ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಇದು ಸಲ್ಲದು. ಅವರಿಗೆ ಹಾರ್ಮೋನಿಲ್ಲದ ಬೇರೆ ಮಾತ್ರೆಗಳಿವೆ. ಯಾವುದನ್ನೂ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ.

ಇಲ್ಲಿ ಉದ್ಯೋಗದಾತರು ಗಮನಿಸಬೇಕಾದ ಒಂದು ವಿಪರ್ಯಾಸವಿದೆ. ಕಂಪನಿಗಳು ಕೊಡಿಸುವ ಗುಂಪು ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತದೆ. ಜಾಸ್ತಿ ರಕ್ತಸ್ರಾವವಿರುವ ಹೆಂಗಸು ಸ್ತ್ರೀರೋಗ ತಜ್ಞರನ್ನು ಕಂಡು, ಸ್ಕ್ಯಾನ್ ಮಾಡಿಸಿ, ಮಾತ್ರೆ ತಗೊಂಡರೆ, ಅಥವಾ ಕಾಪರ್-ಟಿಯಂತೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಹಾಕಿಸಿಕೊಂಡರೆ, ಖರ್ಚು ಅವಳ ಕೈಯಿಂದ. ಗರ್ಭಕೋಶವನ್ನೇ ತೆಗೆಸಿದರೆ ವಿಮೆ ಭರಿಸುತ್ತದೆ. ಸಣ್ಣ ಚಿಕಿತ್ಸೆಯಲ್ಲಿ ಮುಗಿಯುವುದನ್ನು ದೊಡ್ಡ ಆಪರೇಷನ್ನಿಗೆ ನಾವೇ ತಳ್ಳುತ್ತಿದ್ದೇವೆ. ವಿಮೆ ನವೀಕರಿಸುವಾಗ ಹೊರರೋಗಿ ವೆಚ್ಚಕ್ಕೆ ಸ್ವಲ್ಪ ಮೊತ್ತ ಸೇರಿಸಿ ಎಂದು ಮಾನವ ಸಂಪನ್ಮೂಲ ವಿಭಾಗದವರು ಕೇಳಿದರೆ ಎಷ್ಟೋ ಗರ್ಭಕೋಶಗಳು ಉಳಿದಾವು.

ತಿಂಗಳ ಸಂಬಳ 21,000 ರೂಪಾಯಿಯ ಒಳಗಿರುವವರಿಗೆ ಇಎಸ್‌ಐ ಇದೆ. ಅಲ್ಲಿ ಹೊರರೋಗಿ ಚಿಕಿತ್ಸೆ, ಔಷಧ ಎಲ್ಲವೂ ಉಚಿತ. ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಹಣ ಸಿಗುತ್ತದೆ. ಇದು ಗೊತ್ತಿಲ್ಲದೆ ಸಂಬಳ ಕಡಿತಕ್ಕೆ ಹೆದರಿ ನೆನೆದ ಬಟ್ಟೆಯಲ್ಲೇ ಮಷೀನು ತುಳಿಯುವವರಿದ್ದಾರೆ. ಯೂನಿಯನ್ನಿನವರು, ನರ್ಸುಗಳು ಇದನ್ನು ಬಾಯಿಬಿಟ್ಟು ಹೇಳಬೇಕು. ಹೊಸ ಸಂಹಿತೆಗಳು ಜಾರಿಯಾದಾಗ ಕೇಂದ್ರ ಸರ್ಕಾರ 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಹೇಳಿದೆ. ಬಿಪಿ, ಶುಗರ್ ನೋಡಿ ಕಳಿಸುವ ಆ ತಪಾಸಣೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ಸೇರಲಿ. ‘ಮುಟ್ಟು ಹೇಗಿದೆ, ನಿದ್ದೆ ಹೇಗಿದೆ’ ಎಂಬ ಎರಡು ಪ್ರಶ್ನೆಯನ್ನು ಮಹಿಳಾ ವೈದ್ಯೆಯೊಬ್ಬರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೇಳಲಿ.

ಮಾನವ ಸಂಪನ್ಮೂಲ ವಿಭಾಗ, ಆಂತರಿಕ ಸಮಿತಿ, ಇಎಸ್‌ಐ ಯಾವುದೂ ಇಲ್ಲದ ದೊಡ್ಡ ಗುಂಪೊಂದು ಉಳಿಯುತ್ತದೆ. ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರು. ದಿನಕ್ಕೆ ನಾಲ್ಕೈದು ಮನೆ, ಎಲ್ಲಿಯೂ ಶೌಚಾಲಯಕ್ಕೆ ಹೋಗುವಂತಿಲ್ಲ. ಅಪಾರ್ಟ್‌ಮೆಂಟಾದರೆ ಕೆಳಗಿನ ನೆಲಮಾಳಿಗೆಯ ಮೂಲೆಗೆ ಇಳಿದು ಬರಬೇಕು. ಅವರ ಪಾಲಿಗೆ ಕೆಲಸದ ಜಾಗ ನಮ್ಮ ಮನೆ, ಮಾಲೀಕರು ನಾವು. ಈ ಲೇಖನ ಓದಿದವರಲ್ಲಿ ನನ್ನ ಬೇಡಿಕೆ ಇಷ್ಟು: ನಿಮ್ಮ ಮನೆಗೆ ಬರುವ ಅಕ್ಕನಿಗೆ ನಿಮ್ಮ ಮನೆಯ ಶೌಚಾಲಯವನ್ನೇ ಬಳಸಲು ಹೇಳಿ. ಒಲೆಯ ಮುಂದೆ ಬೆವರಿದರೆ ಫ್ಯಾನು ಹಾಕಿ ಐದು ನಿಮಿಷ ಕುರ್ಚಿಯ ಮೇಲೆ ಕೂರಲು ಹೇಳಿ, ಕುಡಿಯಲು ನೀರು ಕೊಡಿ. ತಿಂಗಳಿಗೊಂದು ದಿನದ ರಜೆಗೆ ಅವರ ಸಂಬಳ ಹಿಡಿಯಬೇಡಿ.